ಜೀಪಿನ ಶಾಕ್ ಎಷ್ಟು ಗಟ್ಟಿ ಇರಬೇಕು?

ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಜೀಪಿಗೆ ಇನ್ನೆರಡು ಮೂಟೆ ಹೆಚ್ಚು ಹೇರಬಹುದೆಂದು ನಮ್ಮ ಬೆಳೆಗಾರ ಬಂಧುಗಳಲ್ಲಿ ಹಲವರು ನಂಬಿದ್ದಾರೆ. ಇದು ತಪ್ಪು. ಭಾರ ಹೊರುವುವು ಸ್ಪ್ರಿಂಗ್ ಪ್ಲೇಟುಗಳು. ಅವುಗಳ ಕುಣಿತವನ್ನು ಅಡಗಿಸುವುದಷ್ಟೇ ಶಾಕಿನ ಕೆಲಸ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಆ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ.

ನಾನೂ ಒಮ್ಮೆ ಅತಿ ಗಟ್ಟಿಯದನ್ನು ಹಾಕಿಸಿದ್ದೆ. ಕಾಫಿ ಮೂಟೆ ಇಳಿಸಿ ಖಾಲಿ ಬರುವಾಗ, ಕಲ್ಲುದಾರಿಯ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಜೀಪು ಕಂದಕದ ಕಡೆಗೆ ಜಾರಿತು. ಚಕ್ರ ನೆಲ ಕಚ್ಚದಿದ್ದರೆ ಬ್ರೇಕೂ ಹಿಡಿಯದು. ಸೊಂಟನೋವಿನ ಮಾತು ಬೇರೆಯೇ!

ಆದ್ದರಿಂದ ಕೊಯ್ಲಿನ ನಾಲ್ಕು ದಿನದ ಭಾರವನ್ನಲ್ಲ, ವರ್ಷವಿಡೀ ಒಯ್ಯುವ ಭಾರವನ್ನು ನೋಡಿ ಆರಿಸಿರಿ. ಹಿಂದಿನ ಬಂಪರಿನ ಮೇಲೆ ಇಬ್ಬರು ನಿಂತು ಕುಲುಕಿ ಇಳಿಯಲಿ. ಜೀಪು ಒಮ್ಮೆ ಎದ್ದು ನಿಂತರೆ ಸರಿ, ತೂಗಾಡುತ್ತಲೇ ಇದ್ದರೆ ಶಾಕ್ ಹೋಗಿದೆ. ಎಣ್ಣೆ ಸೋರಿದ ಜಿಡ್ಡೂ ಅದೇ ಗುರುತು. ಒಂದೇ ಆಕ್ಸೆಲಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಾಳು ದಾರಿಯಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ನೊರೆಗಟ್ಟಿ ಹಿಡಿತ ಸಡಿಲವಾಗುತ್ತದೆ. ಗ್ಯಾಸ್ ತುಂಬಿದ ಶಾಕುಗಳಲ್ಲಿ ಈ ತೊಂದರೆ ಕಡಿಮೆ. ಹಣ ಕೊಡುವ ಮುನ್ನ ಟೈರಿನ ಗಾಳಿಯನ್ನೂ ಪ್ಲೇಟಿನ ಬುಷ್‌ಗಳನ್ನೂ ಪರೀಕ್ಷಿಸಿರಿ. ಎಷ್ಟೋ ಸಲ ಕುಲುಕಾಟ ಹುಟ್ಟುವುದು ಅಲ್ಲೇ.