ಬೇರುಗಂಟಿನಿಂದ ಸೋರುವ ಜಲಜನಕ

ಮುಂಗಾರಿನಲ್ಲಿ ಧಾರವಾಡದ ಸುತ್ತಣ ಎರೆಹೊಲದಿಂದ ಸೋಯಾ ಅವರೆಯ ಗಿಡವೊಂದನ್ನು ಮೆಲ್ಲನೆ ಕಿತ್ತು ಬೇರು ತೊಳೆದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಸೀಳಿ ನೋಡಿದರೆ ಒಳಭಾಗವು ನಸುಗೆಂಪು. ಅಲ್ಲಿ ನೆಲಸಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸಿ ಗಿಡಕ್ಕೆ ಒದಗಿಸುತ್ತವೆ. ಗಿಡವು ಪ್ರತಿಯಾಗಿ ಅವುಗಳಿಗೆ ಆಹಾರವೀಯುತ್ತದೆ.

ಕಾರ್ಖಾನೆಯಲ್ಲಿ ಇದೇ ಕಾರ್ಯಕ್ಕೆ 400 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕ ಉಷ್ಣತೆ, ವಾತಾವರಣದ ನೂರು ಪಟ್ಟಿಗೂ ಮಿಕ್ಕ ಒತ್ತಡ ಬೇಕು. ಗಂಟಿನಲ್ಲಿ ಇವೆರಡೂ ಇಲ್ಲ. ಆದರೆ ಬೆಲೆ ತೆರದೆ ಏನೂ ದೊರೆಯದು. ಸಾರಜನಕದ ಒಂದು ಅಣುವಿಗಾಗಿ ನೈಟ್ರೋಜಿನೇಸ್ ಎಂಬ ಕಿಣ್ವವು ಕನಿಷ್ಠ 8 ಎಲೆಕ್ಟ್ರಾನುಗಳನ್ನೂ, ಜೀವಕೋಶದ ಶಕ್ತಿನಾಣ್ಯವೆನಿಸಿದ ಎಟಿಪಿಯ 16 ಅಣುಗಳನ್ನೂ ವ್ಯಯಿಸುತ್ತದೆ. ಲೆಕ್ಕ ಹಾಕೋಣ. ಅಮೋನಿಯದ 2 ಅಣುಗಳಿಗೆ 6 ಎಲೆಕ್ಟ್ರಾನುಗಳು ಸಾಕು. ಉಳಿದ 2 ಎಲ್ಲಿಗೆ ಹೋದವು? ಅವು ಜಲಜನಕದ ಒಂದು ಅಣುವಾಗಿ ಹೊರಬೀಳುತ್ತವೆ. ಎಂದರೆ ಎಲೆಕ್ಟ್ರಾನುಗಳಲ್ಲಿ ನಾಲ್ಕರಲ್ಲೊಂದು ಪಾಲಾದರೂ ಅಮೋನಿಯವಾಗದೆ ಹೋಗುತ್ತದೆ. ಇದು ಬಹುಮಟ್ಟಿನ ನಷ್ಟವೆಂದು 1976ರಲ್ಲಿ ಶೂಬರ್ಟ್ ಮತ್ತು ಇವಾನ್ಸ್ ತೋರಿಸಿದರು.

ಕೆಲವು ಬ್ಯಾಕ್ಟೀರಿಯಗಳು ಮಾತ್ರ ಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವದಿಂದ ಈ ಜಲಜನಕವನ್ನು ಮರಳಿ ಹಿಡಿದು ಉರಿಸಿ ಶಕ್ತಿಯನ್ನು ಪಡೆಯುತ್ತವೆ. ಅದನ್ನು ಕಟ್ಟುವ ಆದೇಶವು ಯಾವ ಜೀನುಗಳಲ್ಲಿದೆ? ಸಾವಿರಾರು ಜೀನುಗಳ ನಡುವೆ ಅವನ್ನು ಹುಡುಕುವುದು ಹೇಗೆ?

1983ರಲ್ಲಿ ಕ್ಯಾಂಟ್ರೆಲ್, ಹಾಗ್ಲಂಡ್, ಇವಾನ್ಸ್ ಇವರು ಅನುಸರಿಸಿದ ಯುಕ್ತಿ ಸರಳವಾದುದು. ಸೋಯಾ ಗಂಟಿನ ಸಮರ್ಥ ಬ್ಯಾಕ್ಟೀರಿಯದ ಡಿಎನ್ಎಯನ್ನು ತುಂಡರಿಸಿ, ಒಂದೊಂದು ತುಂಡನ್ನೂ ವಾಹಕವೊಂದಕ್ಕೆ ಜೋಡಿಸಿ, ಇ. ಕೋಲೈ ಬ್ಯಾಕ್ಟೀರಿಯಗಳಲ್ಲಿ ಇರಿಸಿದರು. ಇದೊಂದು ಜೀನುಗಳ ಭಂಡಾರ. ಬಳಿಕ ಈ ತುಂಡುಗಳನ್ನು ಜಲಜನಕ ಹಿಡಿಯುವ ಶಕ್ತಿ ಕಳೆದುಕೊಂಡಿದ್ದ ಬ್ಯಾಕ್ಟೀರಿಯಗಳಿಗೆ ದಾಟಿಸಿದರು. ಯಾವುದು ಆ ಶಕ್ತಿಯನ್ನು ಮರಳಿ ಪಡೆಯಿತೋ ಅದಕ್ಕೆ ಬಂದ ತುಂಡಿನಲ್ಲಿಯೇ ಬೇಕಾದ ಜೀನು ಇರಬೇಕು! ನೂರು ಬೀಗದಕೈಗಳಲ್ಲಿ ಸರಿಯಾದುದನ್ನು ಬೀಗವೇ ಆರಿಸಿದಂತೆ. ಮುಂದೆ ತಿಳಿದುಬಂದುದೇನೆಂದರೆ, ಒಂದು ಜೀನಿನಿಂದ ಈ ಕೆಲಸ ಸಾಗದು. ಕಿಣ್ವದೊಳಗೆ ನಿಕ್ಕಲ್ ಮತ್ತು ಕಬ್ಬಿಣಗಳನ್ನು ಕೂರಿಸುವುದಕ್ಕೇ ಹಲವು ಜೀನುಗಳು ಬೇಕು. ಬಟಾಣಿಯ ಬ್ಯಾಕ್ಟೀರಿಯದಲ್ಲಿ ಇಂತಹ 18 ಜೀನುಗಳು ಸಾಲಾಗಿವೆ.

ಆದರೂ ಅವಸರದ ತೀರ್ಮಾನ ಸಲ್ಲದು. ಸೋರಿದ ಜಲಜನಕವೆಲ್ಲ ವ್ಯರ್ಥವಲ್ಲ. ಬೇರಿನ ಸುತ್ತಣ ಮಣ್ಣಿನ ಇತರ ಬ್ಯಾಕ್ಟೀರಿಯಗಳಿಗೆ ಅದು ಆಹಾರ. ಅಲ್ಲದೆ, ಪ್ರಯೋಗಶಾಲೆಯಲ್ಲಿ ಗೆದ್ದ ತಳಿಯು ಹೊಲದಲ್ಲಿ ಅಲ್ಲಿನ ಮೂಲನಿವಾಸಿ ಬ್ಯಾಕ್ಟೀರಿಯಗಳೊಡನೆ ಹೋರಾಡಿ ಬೇರನ್ನು ಸೇರಬೇಕು. ಬಿತ್ತುವ ಮುನ್ನ ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ರೈಜೋಬಿಯಂ ಲೇಪಿಸುವ ರೈತನಿಗೆ ಬೇಕಾದುದು ಕೊನೆಗೆ ಕಾಳು. ಗೊಬ್ಬರದ ಖರ್ಚಿನಲ್ಲಿ ಉಳಿತಾಯ. ಸೋರಿಕೆ ಎಲ್ಲಿದೆಯೆಂದು ನಾವು ಅರಿತಿದ್ದೇವೆ. ಅದನ್ನು ತಡೆದರೆ ಫಸಲು ಎಷ್ಟು ಹೆಚ್ಚುವುದೆಂಬುದನ್ನು ಹೊಲವೇ ಹೇಳಬೇಕು.