ಯೋಬನ ಗೆಳೆಯರು ಮಾಡಿದ ತಪ್ಪು

ಕಾರಖಾನೆಯಲ್ಲಿ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿತೆಂದೋ, ಇನ್ನೊಬ್ಬನಿಗೆ ಊರಿನಿಂದ ಮಗುವಿನ ಸಾವಿನ ಸುದ್ದಿ ಬಂದಿತೆಂದೋ ಕೇಳಿದೊಡನೆ ನಮ್ಮ ಬಾಯಿಂದ ಹೊರಡುವ ಮಾತು ಯಾವುದು? “ಏನು ಪಾಪ ಮಾಡಿದ್ದನೋ!” ಎಂಬುದು. ಮಾತು ಸಣ್ಣದು, ನೊಂದವನಿಗೆ ಮಾತ್ರ ಅದು ಎರಡನೆಯ ಪೆಟ್ಟು. ಕಷ್ಟವೆಲ್ಲವೂ ಪಾಪದ ಫಲವೇ? ಈ ಪ್ರಶ್ನೆಗೆ ಕ್ರೈಸ್ತರ ಸತ್ಯವೇದವು ಏನು ಹೇಳುತ್ತದೆಂಬುದನ್ನು ಈ ಸಲ ವಿಚಾರಿಸೋಣ.

ಹಳೆಯ ಒಡಂಬಡಿಕೆಯಲ್ಲಿ 42 ಅಧ್ಯಾಯಗಳ ಯೋಬನ ಗ್ರಂಥವಿದೆ. ಯೋಬನು ನೀತಿವಂತನು, ದೈವಭಕ್ತನು. ಅವನಿಗೆ 7 ಗಂಡು, 3 ಹೆಣ್ಣು ಮಕ್ಕಳು. 7,000 ಕುರಿ, 3,000 ಒಂಟೆ. ಒಂದೇ ದಿನದಲ್ಲಿ ಆಸ್ತಿಯೆಲ್ಲ ಹೋಯಿತು; ಬಿರುಗಾಳಿಗೆ ಮನೆ ಕುಸಿದು ಮಕ್ಕಳೆಲ್ಲರೂ ಸತ್ತರು. ಬಳಿಕ ಮೈತುಂಬ ಹುಣ್ಣೆದ್ದು, ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಕೆರೆದುಕೊಳ್ಳುವ ಸ್ಥಿತಿ ಬಂದಿತು.

ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಅವನನ್ನು ಕಾಣಲು ಬಂದರು. 7 ಹಗಲು 7 ರಾತ್ರಿ ಮಾತಾಡದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಯೋಬನು ಗೋಳಾಡತೊಡಗಿದಾಗ ಅವರೂ ಬಾಯಿ ತೆರೆದರು. ದೇವರು ನ್ಯಾಯವಂತ, ನೀನು ಕಷ್ಟದಲ್ಲಿರುವೆ, ಆದ್ದರಿಂದ ನೀನು ಪಾಪಿ ಎಂಬುದು ಅವರ ಲೆಕ್ಕ. ಯೋಬನು ಇದನ್ನು ಒಪ್ಪಲಿಲ್ಲ. ದೇವರೊಡನೆಯೇ ವಾದಕ್ಕೆ ನಿಂತನು. ಆದರೆ ದೇವರನ್ನು ಬಿಡಲಿಲ್ಲ.

ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡಿದನು. ಕಷ್ಟದ ಕಾರಣವನ್ನು ಹೇಳಲಿಲ್ಲ. ಭೂಮಿ, ಕಡಲು, ನಕ್ಷತ್ರಗಳ ವಿಷಯವಾಗಿ ಪ್ರಶ್ನೆ ಕೇಳಿ, ಮನುಷ್ಯನ ತಿಳುವಳಿಕೆ ಎಷ್ಟು ಚಿಕ್ಕದೆಂದು ತೋರಿಸಿದನು. ಯೋಬನು ತಲೆಬಾಗಿದನು. ಆದರೆ ದೇವರು ಕೋಪಗೊಂಡದ್ದು, ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ! ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಹೊಸ ಒಡಂಬಡಿಕೆಯಲ್ಲಿಯೂ ಈ ಪ್ರಶ್ನೆ ಏಳುತ್ತದೆ. ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಿದ್ದರು. ಅವರು ಇತರರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದೂ ಪಶ್ಚಾತ್ತಾಪವು ಎಲ್ಲರಿಗೂ ಬೇಕೆಂದೂ ಯೇಸುಕ್ರಿಸ್ತನು ಹೇಳಿದನು. ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಯಾರ ಪಾಪದಿಂದಾಯಿತೆಂದು ಶಿಷ್ಯರು ಕೇಳಿದರು. ಅವನ ಪಾಪದಿಂದಲೂ ಅಲ್ಲ, ತಂದೆತಾಯಿಗಳ ಪಾಪದಿಂದಲೂ ಅಲ್ಲವೆಂದು ಹೇಳಿ ಆತನು ಅವನಿಗೆ ಕಣ್ಣು ಕೊಟ್ಟನು. ಗೆಳೆಯನಾದ ಲಾಜರನು ಸತ್ತಾಗ ಕಣ್ಣೀರು ಸುರಿಸಿದನು. ಕೊನೆಗೆ, ನಿರಪರಾಧಿಯಾದರೂ ಶಿಲುಬೆಯ ಮೇಲೆ ನರಳಿ ಪ್ರಾಣಬಿಟ್ಟನು. ಆದ್ದರಿಂದ ಕಷ್ಟವು ದೇವರು ಕೈಬಿಟ್ಟುದರ ಗುರುತಲ್ಲ. ನರಳುವವನ ಬಳಿಯಲ್ಲಿಯೇ ದೇವರಿದ್ದಾನೆ, ಸಾವಿನಾಚೆಗೂ ಜೀವವಿದೆ ಎಂಬುದು ಕ್ರೈಸ್ತರ ನಂಬಿಕೆ.

ಈ ನಂಬಿಕೆಯನ್ನು ಬಾಳಿ ತೋರಿಸಿದವರಲ್ಲಿ ಬೆಲ್ಜಿಯಂ ದೇಶದ ಪಾದ್ರಿ ಡೇಮಿಯನ್ ಒಬ್ಬರು. ಹವಾಯಿಯ ಕುಷ್ಠರೋಗಿಗಳನ್ನು ಮೊಲೊಕೈ ದ್ವೀಪಕ್ಕೆ ಸಾಗಿಸಿ ಅಲ್ಲಿಯೇ ಇರಿಸುತ್ತಿದ್ದ ಕಾಲವದು. 1873ರಲ್ಲಿ ಅವರು ಅಲ್ಲಿಗೆ ಹೋಗಿ ನೆಲೆಸಿದರು. ರೋಗಿಗಳ ಹುಣ್ಣು ತೊಳೆದರು, ಮನೆ ಕಟ್ಟಿದರು, ಸತ್ತವರಿಗೆ ಗೋರಿ ತೋಡಿದರು. ಅದೇ ರೋಗ ತಗುಲಿ 1889ರಲ್ಲಿ ತೀರಿಕೊಂಡರು.

ನಮ್ಮ ನಮ್ಮ ಮತಗಳು ಬೇರೆಯಾಗಿರಬಹುದು. ಪರಸ್ಥಳದಲ್ಲಿ ದುಡಿಯುವ ನಮಗೆ ಕಷ್ಟಕಾಲದಲ್ಲಿ ನೆಂಟರು ದೂರ, ನೆರೆಯವರೇ ಹತ್ತಿರ. ನೊಂದವನ ಕೋಣೆಗೆ ಹೋದಾಗ ಕಾರಣವನ್ನು ಹುಡುಕುವುದು ಬೇಡ. ಆಸ್ಪತ್ರೆಗೆ ಅನ್ನ ಒಯ್ಯೋಣ, ರಾತ್ರಿ ಜೊತೆಗಿರೋಣ. ಮಾತು ತೋಚದಿದ್ದರೆ ಸುಮ್ಮನೆ ಪಕ್ಕದಲ್ಲಿ ಕುಳಿತರೂ ಸಾಕು. ಯೋಬನ ಗೆಳೆಯರಿಗೂ ಮೊದಲ ಏಳು ದಿನ ಅದು ತಿಳಿದಿತ್ತು.