ಎಂಜಿನ್ನು ಬದಲಾದರೆ ಗಾಡಿ ಬದಲಾದೀತೇ?



ಹತ್ತನೆಯ ತರಗತಿಯಲ್ಲಿ ಒಂದು ದಿನ ಚಲನಶಕ್ತಿಯ ಪಾಠ ಮುಗಿದಿತ್ತು. ಗಂಟೆ ಹೊಡೆದು ಎಲ್ಲರೂ ಹೊರಗೆ ಹೋದ ಮೇಲೆ ಒಬ್ಬ ಹುಡುಗ ನನ್ನ ಮೇಜಿನ ಬಳಿ ನಿಂತು, ಸಂಕೋಚದಿಂದ ಒಂದು ಪ್ರಶ್ನೆಯನ್ನು ಕೇಳಿದನು. ಅವನ ಅಣ್ಣ ಇಲ್ಲಿಯೇ ಸಯನ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಹಳೆಯದೊಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಅಗ್ಗದ ಬೆಲೆಗೆ ಕೊಂಡಿದ್ದಾನೆ. ಅದರ ಎಂಜಿನ್ನನ್ನು ತೆಗೆದುಹಾಕಿ, ಅದಕ್ಕಿಂತ ಎರಡು ಪಟ್ಟು ಶಕ್ತಿಯುಳ್ಳ ದೊಡ್ಡ ಕಾರಿನ ಎಂಜಿನ್ನನ್ನು ಕೂಡಿಸಬೇಕೆಂಬುದು ಅವನ ಆಸೆ. ಅದಕ್ಕಾಗಿ ಎರಡು ವರ್ಷದ ಸಂಬಳದಲ್ಲಿ ಹಣವನ್ನೂ ಉಳಿಸಿದ್ದಾನೆ. ತಾಯಿಗೆ ಮಾತ್ರ ಇದು ಸರಿಕಾಣದು. “ಗುರುಗಳೇ, ಅಮ್ಮ ಹೇಳುವುದು ಬರಿಯ ಹೆದರಿಕೆಯೋ, ಅದರಲ್ಲಿ ಏನಾದರೂ ಹುರುಳಿದೆಯೋ?” ಎಂದು ಹುಡುಗ ಕೇಳಿದನು.

ಆ ದಿನ ನಾನು ಕೊಟ್ಟ ಉತ್ತರ ಅರ್ಧ ಉತ್ತರವಾಗಿತ್ತು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಒಬ್ಬ ಅಣ್ಣನದಲ್ಲ; ಯಂತ್ರವನ್ನು ಕಂಡು ಕಣ್ಣರಳಿಸುವ ಎಲ್ಲ ತರುಣರದೂ ಹೌದು.

ನೆರೆಯೂರಿನ ಗಾಡಿ

ಪದ್ಮಿನಿ ನಮಗೆ ಪರದೇಶದ ಗಾಡಿಯಲ್ಲ. ಸಯನ್‌ನಿಂದ ಉತ್ತರಕ್ಕೆ ಹೋದರೆ ಸಿಗುವ ಕುರ್ಲಾದಲ್ಲಿಯೇ ಅದು ಹುಟ್ಟಿದುದು. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ, ಇಟಲಿಯ ಫಿಯಟ್ ಕಂಪನಿಯ ಸಹಯೋಗದಿಂದ ಫಿಯಟ್ 1100 ಕಾರನ್ನು ಅಲ್ಲಿ ಕಟ್ಟತೊಡಗಿತು. ಆ ವಂಶದ ಗಾಡಿಗೆ 1970ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರು ಬಂದಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ದಶಕಗಳ ಕಾಲ ಇದೇ ಗಾಡಿ. ಈ ಜಾತಿಯ ಕೊನೆಯ ಟ್ಯಾಕ್ಸಿ ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಆಯುಸ್ಸನ್ನು ನಿಗದಿಪಡಿಸಿದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅವು ಬೀದಿಯಿಂದ ಮರೆಯಾದವು.

ಈ ಗಾಡಿಯ ಎಂಜಿನ್ನಿನ ಗಾತ್ರ 1089 ಘನ ಸೆಂಟಿಮೀಟರು. ಶಕ್ತಿ ಸುಮಾರು 40 ಅಶ್ವಶಕ್ತಿ. ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಗೇರಿನ ಹಿಡಿ ಸ್ಟಿಯರಿಂಗಿನ ಕಂಬದಲ್ಲಿ. ಇದನ್ನು ರಚಿಸಿದವರು ಈ ಎಲ್ಲ ಅಂಗಗಳನ್ನೂ ಆ 40 ಅಶ್ವಶಕ್ತಿಗೆ ಸರಿಹೊಂದುವಂತೆ ಅಳೆದು ತೂಗಿ ಇಟ್ಟರು ಎಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು.

ಲೆಕ್ಕ ಏನು ಹೇಳುತ್ತದೆ?

ಶಕ್ತಿ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟಾಗುವುದೆಂದು ಅನೇಕರು ತಿಳಿದಿರುತ್ತಾರೆ. ಅದು ತಪ್ಪು. ಗಾಡಿ ಜೋರಾಗಿ ಓಡುವಾಗ ಅದರ ಮುಖ್ಯ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆ ತಡೆಯನ್ನು ಎದುರಿಸಿ ಓಡಲು ಬೇಕಾಗುವ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎಂದರೆ, ವೇಗವನ್ನು ಎರಡು ಪಟ್ಟು ಮಾಡಲು ಎಂಟು ಪಟ್ಟು ಶಕ್ತಿ ಬೇಕು. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ದೊರೆಯುವುದು ಎರಡರ ಘನಮೂಲದಷ್ಟು, ಅಂದರೆ ಸುಮಾರು 1.26 ಪಟ್ಟು ವೇಗ ಮಾತ್ರ. ಗಂಟೆಗೆ 120 ಕಿಲೋಮೀಟರು ಓಡುವ ಗಾಡಿ ಸುಮಾರು 150 ಕಿಲೋಮೀಟರು ಓಡೀತು. ಎರಡು ವರ್ಷದ ಉಳಿತಾಯವನ್ನು ಸುರಿದುದಕ್ಕೆ ಇದೇ ಫಲ. ಸಯನ್ ವೃತ್ತದಲ್ಲಿ ಸಂಜೆ ಆರು ಗಂಟೆಗೆ ನಿಂತು ನೋಡಿದವರಿಗೆ, ಆ 120ನ್ನಾದರೂ ಓಡಿಸುವ ಸ್ಥಳ ಎಲ್ಲಿದೆ ಎಂಬ ಪ್ರಶ್ನೆಯೂ ಏಳುವುದು ಸಹಜ.

ದೊಡ್ಡ ಎಂಜಿನ್ನಿನ ನಿಜವಾದ ಲಾಭ ಕೊನೆಯ ವೇಗದಲ್ಲಿಲ್ಲ. ವೇಗವನ್ನು ಬೇಗ ಪಡೆಯುವುದರಲ್ಲಿದೆ, ದಿಬ್ಬವನ್ನು ಆಯಾಸವಿಲ್ಲದೆ ಏರುವುದರಲ್ಲಿದೆ. ಆ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇಗ ಪಡೆದ ವೇಗವನ್ನು ಬೇಗ ಇಳಿಸಲೂ ಬರಬೇಕಷ್ಟೆ. ಇಲ್ಲಿಯೇ ಚಲನಶಕ್ತಿಯ ಪಾಠ ನೆರವಿಗೆ ಬರುತ್ತದೆ.

ಜನರನ್ನು ಹೊತ್ತ ಗಾಡಿಯ ತೂಕ 1100 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದರ ಚಲನಶಕ್ತಿ ಸುಮಾರು 1,53,000 ಜೂಲ್. ವೇಗ 90ಕ್ಕೆ ಏರಿದರೆ ಅದು ಸುಮಾರು 3,44,000 ಜೂಲ್ ಆಗುತ್ತದೆ. ವೇಗ ಒಂದೂವರೆ ಪಟ್ಟಾದರೆ ಚಲನಶಕ್ತಿ ಎರಡೂಕಾಲು ಪಟ್ಟು. ಗಾಡಿಯನ್ನು ನಿಲ್ಲಿಸುವಾಗ ಈ ಶಕ್ತಿಯೆಲ್ಲವನ್ನೂ ಬ್ರೇಕುಗಳು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾರ್ಪಡಿಸಬೇಕು. ಡ್ರಮ್ ಬ್ರೇಕು ಮುಚ್ಚಿದ ಪಾತ್ರೆಯಂತಿರುವುದರಿಂದ ಆ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಮತ್ತೆ ಮತ್ತೆ ಒತ್ತಿದಾಗ ಬ್ರೇಕು ಕಾದು, ಹಿಡಿತವನ್ನು ಕಳೆದುಕೊಳ್ಳುತ್ತದೆ.

ದೂರದ ಲೆಕ್ಕವನ್ನೂ ಮಾಡಿ ನೋಡಿ. ಬ್ರೇಕು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 6 ಮೀಟರಿನಂತೆ ವೇಗವನ್ನು ಇಳಿಸುವುದೆಂದೂ, ಚಾಲಕನು ಅಪಾಯವನ್ನು ಕಂಡು ಕಾಲನ್ನು ಒತ್ತಲು ಒಂದು ಸೆಕೆಂಡು ಹಿಡಿಯುವುದೆಂದೂ ಭಾವಿಸಿದರೆ, 60ರ ವೇಗದಲ್ಲಿ ಗಾಡಿ ನಿಲ್ಲುವುದು ಸುಮಾರು 40 ಮೀಟರಿನಲ್ಲಿ. 90ರ ವೇಗದಲ್ಲಿ ಸುಮಾರು 77 ಮೀಟರಿನಲ್ಲಿ. ನಡುವಿನ ಆ 37 ಮೀಟರಿನಲ್ಲಿ ರಸ್ತೆ ದಾಟುವ ಒಂದು ಮಗು ಇರಬಹುದು. ನಮ್ಮ ಸಯನ್‌ನಿಂದಲೇ ಠಾಣೆಯ ಕಡೆಗೆ ಪೂರ್ವ ದ್ರುತಗತಿ ಹೆದ್ದಾರಿ ಹೊರಡುತ್ತದೆ. ನಮ್ಮ ಸಯನ್‌ನಲ್ಲಿಯೇ ಲೋಕಮಾನ್ಯ ತಿಲಕ ಆಸ್ಪತ್ರೆಯೂ ಇದೆ. ಅಪಘಾತದಲ್ಲಿ ಗಾಯಗೊಂಡವರನ್ನು ಅಲ್ಲಿಗೆ ತರುವುದನ್ನು ಕಂಡವರಿಗೆ ಈ ಅಂಕಿಗಳು ಬರಿಯ ಅಂಕಿಗಳಾಗಿ ತೋರಲಾರವು.

ಬ್ರೇಕು ಒಂದೇ ಅಲ್ಲ. ಎಂಜಿನ್ನಿನ ತಿರುಚು ಬಲ ಕ್ಲಚ್ಚು, ಗೇರಿನ ಪೆಟ್ಟಿಗೆ, ಉದ್ದನೆಯ ದಂಡ, ಹಿಂದಿನ ಅಚ್ಚು ಇವುಗಳ ಮೂಲಕ ಗಾಲಿಯನ್ನು ತಲುಪುತ್ತದೆ. ಮೊದಲ ಗೇರಿನಲ್ಲಿ ಅದು ಹತ್ತು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಸರಪಣಿಯ ಯಾವ ಕೊಂಡಿ ಬಲಹೀನವೋ ಅದು ಮೊದಲು ಮುರಿಯುತ್ತದೆ. ದೊಡ್ಡ ಎಂಜಿನ್ನು ಭಾರವೂ ಆಗಿದ್ದರೆ ಮುಂದಿನ ಸ್ಪ್ರಿಂಗುಗಳು ಕುಗ್ಗಿ, ತಿರುವಿನಲ್ಲಿ ಗಾಡಿ ಚಾಲಕನ ಮಾತನ್ನು ಕೇಳದಂತಾಗುತ್ತದೆ. ಹೆಚ್ಚು ಶಕ್ತಿ ಹುಟ್ಟಿಸುವ ಎಂಜಿನ್ನು ಹೆಚ್ಚು ಶಾಖವನ್ನೂ ಹುಟ್ಟಿಸುವುದರಿಂದ ಹಳೆಯ ರೇಡಿಯೇಟರು ಸಾಲದೆ ಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂತಹ ಗಾಡಿಗೆ ಚೆನ್ನಾಗಿ ಒಪ್ಪುತ್ತದೆ.

ಕಾರ್ಖಾನೆಗಳು ಮಾಡಿದ ಪ್ರಯೋಗ

ಹಾಗಾದರೆ ಎಂಜಿನ್ನನ್ನು ಬದಲಿಸುವುದು ಯಾವಾಗಲೂ ಮೂರ್ಖತನವೇ? ಅಲ್ಲ. ನಮ್ಮ ದೇಶದ ಕಾರ್ಖಾನೆಗಳೇ ಇದನ್ನು ಮಾಡಿ ತೋರಿಸಿವೆ. ಮೂರು ನಿದರ್ಶನಗಳನ್ನು ನೋಡೋಣ.

ಮೊದಲನೆಯದು ನಮ್ಮ ಪ್ರೀಮಿಯರ್ ಕಂಪನಿಯದು. 1985ರಲ್ಲಿ ಅದು 118 ಎನ್.ಇ. ಎಂಬ ಕಾರನ್ನು ಹೊರತಂದಿತು. ಅದರ ಒಡಲು ಇಟಲಿಯ ಫಿಯಟ್ 124ರದು. ಎಂಜಿನ್ನು ಮಾತ್ರ ಜಪಾನಿನ ನಿಸ್ಸಾನ್ ಕಂಪನಿಯ 1171 ಘನ ಸೆಂಟಿಮೀಟರಿನದು. ಗಮನಿಸಬೇಕಾದ ಸಂಗತಿಯೆಂದರೆ, ಎಂಜಿನ್ನಿನ ಜೊತೆಗೆ ಅದಕ್ಕೆ ಹೊಂದುವ ನಿಸ್ಸಾನ್ ಗೇರಿನ ಪೆಟ್ಟಿಗೆಯನ್ನೂ ತಂದು ಕೂಡಿಸಿದರು. ಮದುಮಗಳೊಬ್ಬಳನ್ನೇ ಕರೆತರದೆ ಅವಳ ಬಳಗವನ್ನೂ ಕರೆತಂದಂತೆ ಇದು.

ಎರಡನೆಯದು ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯ ಕಾಂಟೆಸ್ಸಾ. ಅದರ ಒಡಲು ಇಂಗ್ಲೆಂಡಿನ ವಾಕ್ಸಾಲ್ ಕಾರಿನದು. ಆ ದೇಶದಲ್ಲಿ ಅದೇ ಒಡಲಿಗೆ 1759 ಮತ್ತು 2279 ಘನ ಸೆಂಟಿಮೀಟರಿನ ಎಂಜಿನ್ನುಗಳನ್ನು ಕೂಡಿಸುತ್ತಿದ್ದರು. ಇಲ್ಲಿಯಾದರೋ 1980ರ ದಶಕದಲ್ಲಿ ಮೊದಲು ಕೂಡಿಸಿದುದು ಅಂಬಾಸಡರಿನ 1489 ಘನ ಸೆಂಟಿಮೀಟರಿನ, ಸುಮಾರು 50 ಅಶ್ವಶಕ್ತಿಯ ಹಳೆಯ ಎಂಜಿನ್ನು. ನೋಡಲು ಆನೆ, ಎಳೆಯಲು ಎಳೆಗರು ಎಂಬಂತಾಯಿತು. ಮುಂದೆ ಜಪಾನಿನ ಇಸುಜು ಕಂಪನಿಯ 1817 ಘನ ಸೆಂಟಿಮೀಟರಿನ ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂಡಿಸಿದಾಗ ಗಾಡಿಗೆ ಜೀವ ಬಂದಿತು. ಇಲ್ಲಿ ಎಂಜಿನ್ನಿನ ಬದಲಾವಣೆ ಸಾರ್ಥಕವಾಯಿತು; ಏಕೆಂದರೆ ಒಡಲು ಮೊದಲಿನಿಂದಲೂ ಅಷ್ಟು ಶಕ್ತಿಯನ್ನು ಹೊರಲು ತಕ್ಕುದಾಗಿಯೇ ಇತ್ತು.

ಮೂರನೆಯದು ಅಂಬಾಸಡರ್. 1990ರ ದಶಕದ ಆರಂಭದಲ್ಲಿ ಅದೇ ಇಸುಜು ಎಂಜಿನ್ನನ್ನು, ಸುಮಾರು 75 ಅಶ್ವಶಕ್ತಿಯಂತೆ, ಅಂಬಾಸಡರಿಗೂ ಕೂಡಿಸಿದರು. ಆ ಗಾಡಿಯ ಒಡಲು 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಕಾರಿನದು. ಹೊಸ ಎಂಜಿನ್ನಿನಿಂದ ಅದು ಚುರುಕಾಯಿತು, ನಿಜ. ಆದರೆ ಅದರಿಂದ ಅಂಬಾಸಡರು ಹೊಸ ಗಾಡಿಯಾಗಲಿಲ್ಲ. ಒಡಲಿನ ವಿನ್ಯಾಸ ಹಳೆಯದಾಗಿಯೇ ಉಳಿಯಿತು. ಹೊಸ ಕಾಲದ ಕಾರುಗಳ ಎದುರಿಗೆ ಎಂಜಿನ್ನು ಒಂದೇ ಅದನ್ನು ಉಳಿಸಲಾರದೆ, 2014ರಲ್ಲಿ ಅದರ ತಯಾರಿಕೆ ನಿಂತಿತು.

ಒಂದೇ ಎಂಜಿನ್ನು, ಎರಡು ಗಾಡಿ, ಎರಡು ಫಲ. ವ್ಯತ್ಯಾಸ ಇದ್ದುದು ಒಡಲಿನಲ್ಲಿ.

ಬೆಂಗಳೂರಿನ ವಿಮಾನ

ಇದಕ್ಕೆ ತಿರುಗುಮುರುಗಾದ ಕಥೆಯೂ ಒಂದುಂಟು. ಕುರ್ಲಾದ ಮೋಟಾರು ಕಾರ್ಖಾನೆಯನ್ನು ಕಟ್ಟಿದ ವಾಲಚಂದರೇ 1940ರಲ್ಲಿ, ಮೈಸೂರು ಸಂಸ್ಥಾನದ ನೆರವಿನಿಂದ, ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೂ ಆರಂಭಿಸಿದರು. ಮುಂದೆ ಸರಕಾರದ ಸ್ವಾಮ್ಯಕ್ಕೆ ಬಂದ ಆ ಕಾರ್ಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ವಿನ್ಯಾಸಕಾರರ ನೇತೃತ್ವದಲ್ಲಿ ‘ಮಾರುತ’ ಎಂಬ ಯುದ್ಧವಿಮಾನ ಸಿದ್ಧವಾಗಿ, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದರ ಒಡಲನ್ನು ಶಬ್ದಕ್ಕಿಂತ ಬಹು ವೇಗವಾಗಿ ಹಾರಲೆಂದು ರಚಿಸಿದ್ದರು. ಆದರೆ ಅದಕ್ಕೆಂದು ಎಣಿಸಿದ್ದ ಶಕ್ತಿಶಾಲಿಯಾದ ಎಂಜಿನ್ನು ದೊರೆಯಲಿಲ್ಲ. ಕಡಿಮೆ ಶಕ್ತಿಯ ಎರಡು ಓರ್ಫಿಯಸ್ ಎಂಜಿನ್ನುಗಳಿಂದ ತೃಪ್ತಿಪಡಬೇಕಾಯಿತು. 1971ರ ಯುದ್ಧದಲ್ಲಿ ಮಾರುತವು ತನ್ನ ಕೆಲಸವನ್ನು ಚೆನ್ನಾಗಿ ಮಾಡಿತಾದರೂ, ಅದರ ರೆಕ್ಕೆಗಳು ಕಂಡ ಕನಸು ನನಸಾಗಲಿಲ್ಲ. ಅದೇ ಓರ್ಫಿಯಸ್ ವಂಶದ ಒಂದೇ ಒಂದು ಎಂಜಿನ್ನು ‘ನ್ಯಾಟ್’ ಎಂಬ ಪುಟ್ಟ ವಿಮಾನದಲ್ಲಿ 1965ರ ಯುದ್ಧದಲ್ಲಿ ಹೆಸರು ಗಳಿಸಿತು. ಆ ವಿಮಾನವನ್ನು ಆ ಎಂಜಿನ್ನಿಗೆ ತಕ್ಕಂತೆ ಹಗುರವಾಗಿ ರಚಿಸಿದ್ದರು.

ಆದುದರಿಂದ ಒಡಲು ಹೆಚ್ಚೋ ಎಂಜಿನ್ನು ಹೆಚ್ಚೋ ಎಂಬ ವಾದ ವ್ಯರ್ಥ. ಎರಡೂ ಒಂದಕ್ಕೊಂದು ಹೊಂದಬೇಕು.

ಕಾಯಿದೆಯ ಮಾತು

ಮನಸ್ಸಿಗೆ ಬಂದಂತೆ ಎಂಜಿನ್ನನ್ನು ಬದಲಿಸಲು ಕಾಯಿದೆಯೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಈ ವಿಷಯಕ್ಕೆ ಸಂಬಂಧಿಸಿದುದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಅದು ವಿಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಆದರೆ ಬೇರೆ ಇಂಧನಕ್ಕೆ ಹೊಂದುವಂತೆ ಎಂಜಿನ್ನನ್ನು ಮಾರ್ಪಡಿಸಲು, ನಿಯಮಗಳಿಗೆ ಒಳಪಟ್ಟು, ಕಾಯಿದೆ ಅವಕಾಶ ಕೊಡುತ್ತದೆ.

ನಮ್ಮ ಟ್ಯಾಕ್ಸಿಯವರು ಈ ಅವಕಾಶವನ್ನೇ ಬಳಸಿಕೊಂಡರು. ಸಾವಿರಾರು ಪದ್ಮಿನಿಗಳು ಪೆಟ್ರೋಲನ್ನು ಬಿಟ್ಟು ಒತ್ತಿದ ನೈಸರ್ಗಿಕ ಅನಿಲಕ್ಕೆ, ಅಂದರೆ ಸಿ.ಎನ್.ಜಿ.ಗೆ, ಬದಲಾದವು. ಅನಿಲದಿಂದ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ, ಸ್ವಲ್ಪ ಕುಗ್ಗುತ್ತದೆ. ಆದರೂ ಹೊಗೆ ಕಡಿಮೆಯಾಯಿತು, ದಿನದ ಖರ್ಚು ಇಳಿಯಿತು. ಬ್ರೇಕು, ಅಚ್ಚುಗಳ ಮೇಲೆ ಹೆಚ್ಚಿನ ಶಕ್ತಿಯ ಹೊರೆಯೇನೂ ಬೀಳಲಿಲ್ಲ. ಗಾಡಿಯಿಂದ ತಮಗೆ ಬೇಕಾದುದು ವೇಗವಲ್ಲ, ಹೊಟ್ಟೆಪಾಡು ಎಂಬುದನ್ನು ಅವರು ಅರಿತಿದ್ದರು.

ಕೊನೆಯ ಮಾತು

ಇಷ್ಟನ್ನೂ ಕೂಡಿಸಿ ನೋಡಿದರೆ ಉತ್ತರ ಹೀಗಾಗುತ್ತದೆ. ದೊಡ್ಡ ಎಂಜಿನ್ನನ್ನು ಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಒಡಲು ಅಷ್ಟು ಶಕ್ತಿಯನ್ನು ಹೊರುವಂತೆ ರಚಿತವಾಗಿದೆಯೇ? ಎಂಜಿನ್ನಿನ ಜೊತೆಗೆ ಬ್ರೇಕು, ಗೇರಿನ ಪೆಟ್ಟಿಗೆ, ಅಚ್ಚು, ಟೈರು, ರೇಡಿಯೇಟರುಗಳನ್ನೂ ಬದಲಿಸುವ ಹಣವೂ ಕಾಯಿದೆಯ ಒಪ್ಪಿಗೆಯೂ ಇವೆಯೇ? ಆ ಶಕ್ತಿಯಿಂದ ನಮಗೆ ನಿಜವಾಗಿ ಆಗಬೇಕಾದ ಕೆಲಸ ಯಾವುದು? ಮೂರಕ್ಕೂ ಸರಿಯಾದ ಉತ್ತರವಿದ್ದರೆ ಬದಲಾವಣೆ ಅರ್ಥವತ್ತಾದುದು. ಒಂದಕ್ಕೆ ಉತ್ತರವಿಲ್ಲದಿದ್ದರೂ, ಇರುವ ಎಂಜಿನ್ನನ್ನೇ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಅದು ಹುಟ್ಟಿದ ದಿನ ಕೊಡುತ್ತಿದ್ದ 40 ಅಶ್ವಶಕ್ತಿಯನ್ನು ಮರಳಿ ಪಡೆಯುವುದೇ ಜಾಣತನ. ಹಳೆಯ ಗಾಡಿಗಳಲ್ಲಿ ಹಲವಕ್ಕೆ ಬೇಕಾದುದು ಹೊಸ ಎಂಜಿನ್ನಲ್ಲ, ಒಳ್ಳೆಯ ಆರೈಕೆ.

ಆ ಹುಡುಗನಿಗೆ ಈ ಲೆಕ್ಕಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ಅಣ್ಣನಿಗೆ ತೋರಿಸಲು ಹೇಳಿದೆ. ಕೆಲವು ದಿನಗಳ ಮೇಲೆ ಬಂದು, “ಅಣ್ಣ ಮೊದಲು ಬ್ರೇಕು ಬಿಚ್ಚಿ ನೋಡಿದ, ಗುರುಗಳೇ. ಹಿಂದಿನ ಎರಡು ಗಾಲಿಗಳ ಲೈನಿಂಗು ಪೂರ್ತಿ ಸವೆದುಹೋಗಿತ್ತು” ಎಂದು ಹೇಳಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂಜಿನ್ನಿನ ಆಸೆಯನ್ನು ಅವನು ಇನ್ನೂ ಬಿಟ್ಟಿಲ್ಲ” ಎಂದೂ ಸೇರಿಸಿದನು.

ಬಿಡಬೇಕಾಗಿಯೂ ಇಲ್ಲ. ಯಂತ್ರದ ಮೇಲಿನ ಆಸೆ ಒಳ್ಳೆಯದೇ. ಮೊದಲು ನಿಲ್ಲಿಸಲು ಕಲಿತು, ಆಮೇಲೆ ಓಡಿಸಲು ಹೊರಟರೆ ಸಾಕು.